ಕಸ್ಟಮ್ಸ್ ಬುಟ್ಟಿಗೆ ಬಿದ್ದ ಅಕ್ಕಡಿ ಕಾಳು

ಬಡವನಹಳ್ಳಿ: ಗಂಟು

ಜರ್ಮನಿಗೆ ಹೋಗಿಬಂದವರು ಚಾಕೊಲೇಟ್ ತರುತ್ತಾರೆ, ಯಾವುದಾದರೂ ಕೋಟೆಯ ಮುಂದೆ ಹಲ್ಲು ಬಿಟ್ಟುಕೊಂಡು ನಿಂತ ಫೋಟೊ ತರುತ್ತಾರೆ. ನಾನು ನಮ್ಮ ಅತ್ತೆಯ ಬಿತ್ತನೆ ಬೀಜವನ್ನು ಅಷ್ಟು ದೂರ ಹೊತ್ತುಕೊಂಡು ಹೋಗಿ ಅಲ್ಲಿನ ಸರ್ಕಾರದ ಕಸದ ಬುಟ್ಟಿಗೆ ಹಾಕಿಸಿ ಬಂದೆ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವ ಮೇಡಂ. ಬಿತ್ತನೆ ಕಾಳಿಗೂ ಸಾರಿನ ಕಾಳಿಗೂ ವ್ಯತ್ಯಾಸ ನನಗೆ ಗೊತ್ತಿರುತ್ತದೆ ಎಂದು ನೀವು ನಂಬಿದ್ದರೆ ಅದು ನಿಮ್ಮ ಒಳ್ಳೆಯತನ.

ನನ್ನನ್ನು ಕಳಿಸಿದ್ದು ಒಂದು ಶಿಕ್ಷಕರ ವಿನಿಮಯ ಕಾರ್ಯಕ್ರಮ. ಬೇಸಿಗೆ ರಜೆಯಲ್ಲಿ ಎರಡು ವಾರ ಜರ್ಮನಿಯ ಹಾರ್ಟ್ಸ್ ಬೆಟ್ಟಸಾಲಿನ ಒಂದು ಊರಿನಲ್ಲಿ, ಅಲ್ಲಿನ ಮೇಡಂ ಒಬ್ಬರ ಮನೆಯಲ್ಲಿ ವಾಸ. ಬಗೆಬಗೆಯ ಜೀವಿಗಳು ಇದ್ದಷ್ಟೂ ಒಂದು ಪರಿಸರ ಹೇಗೆ ಗಟ್ಟಿಯಾಗಿ ನಿಲ್ಲುತ್ತದೆ ಎನ್ನುವುದು ಕಲಿಯಬೇಕಾದ ವಿಷಯ. ನಮ್ಮಲ್ಲಿ ಇದು ಎರಡು ಅಂಕದ ಪ್ರಶ್ನೆ. ನಾಲ್ಕು ಸಾಲು ಬರೆಸಿ, ಬಾಯಿಪಾಠ ಮಾಡಿಸಿ, ಅಂಕ ಕೊಟ್ಟು ಮುಗಿಸುವ ಈ ವಿಷಯಕ್ಕೆ ಆ ಜನ ಎರಡು ವಾರ ಯಾಕೆ ಒದ್ದಾಡುತ್ತಾರೋ ಎಂದು ಹೊರಡುವಾಗ ನನಗೆ ಕನಿಕರವಿತ್ತು.

ಕೊರಟಗೆರೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ನಮ್ಮ ಯಜಮಾನರಿಗೆ ನನ್ನ ಜ್ಞಾನಕ್ಕಿಂತ ನನ್ನ ಹೊಟ್ಟೆಯದೇ ಚಿಂತೆ. “ಅಲ್ಲಿ ಬರೀ ಬ್ರೆಡ್ಡಂತೆ ಕಣೆ. ಏನಾದ್ರೂ ಕಾಳುಕಡಿ ತಗೊಂಡೋಗು” ಎಂದರು. ಅತ್ತೆ ಅವತ್ತು ಬರಗೂರಿನ ನೆಂಟರ ಮನೆಗೆ ನಾಮಕರಣಕ್ಕೆ ಹೋಗಿದ್ದರು. ನಾನೇ ಅಟ್ಟ ಹತ್ತಿ ತಡಕಾಡಿದೆ. ಹಳೆಯ ಕೆಂಪು ಸೀರೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಅವರೆ, ತೊಗರಿ, ಹುರುಳಿ, ಹೆಸರು, ಜೋಳ, ಕಪ್ಪು ಬಿಳಿ ಮಚ್ಚೆಯ ಅಲಸಂದೆ ಎಲ್ಲವೂ ಒಟ್ಟಿಗೆ, ಒಂದು ಮೂಲೆಯಲ್ಲಿ ಬೇರೆಯಾಗಿ ಗಂಟು ಹಾಕಿದ ಹುಚ್ಚೆಳ್ಳು. ಮೇಲೆಲ್ಲ ಒಲೆಯ ಬೂದಿ.

ಬೂದಿ ಕಂಡದ್ದೇ ನನ್ನೊಳಗಿನ ವಿಜ್ಞಾನಿ ಎದ್ದು ಕುಳಿತಳು. ಇಷ್ಟು ವಯಸ್ಸಾದರೂ ಅತ್ತೆಗೆ ಸ್ವಚ್ಛತೆಯ ಅರಿವಿಲ್ಲವಲ್ಲ ಎಂದುಕೊಂಡು, ಕಾಳನ್ನು ಮೊರಕ್ಕೆ ಸುರಿದು ಕೇರಿ, ಅದೇ ಬಟ್ಟೆಯಲ್ಲಿ ಕಟ್ಟಿ ಸೂಟ್‌ಕೇಸಿಗೆ ಇಟ್ಟೆ. ಬೆರಕೆ ಕಾಳಿನ ಸಾರಿಗೆ ಎರಡು ವಾರಕ್ಕೆ ಧಾರಾಳವಾಗಿತ್ತು.

ನಮ್ಮ ಕಡೆ ರಾಗಿ ಹೊಲದಲ್ಲಿ ಇಷ್ಟಿಷ್ಟು ಸಾಲಿಗೊಂದು ಸಾಲು ಇಂಥ ಕಾಳುಗಳನ್ನು ಬಿತ್ತುತ್ತಾರೆ. ಅದಕ್ಕೆ ಅಕ್ಕಡಿ ಎನ್ನುತ್ತಾರೆ. ಬೀಜಕ್ಕೆ ಹುಳ ಬೀಳದಿರಲೆಂದು ಬೂದಿ ಬೆರೆಸಿ ಇಡುತ್ತಾರೆ. ಬಡವನಹಳ್ಳಿ ಸಂತೆಗೆ ಬರುವ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ನಾನು ಮಧುಗಿರಿ ಪೇಟೆಯಲ್ಲಿ ಬೆಳೆದು ಎಂಎಸ್ಸಿ ಮಾಡಿದವಳು, ಮದುವೆಯಾಗಿ ಹದಿನೈದು ವರ್ಷವಾದರೂ ಹೊಲದ ಕಡೆ ತಲೆ ಹಾಕದವಳು. ಆದ್ದರಿಂದ ನನಗೆ ಗೊತ್ತಿರಲಿಲ್ಲ.

ವಿಮಾನ ನಿಲ್ದಾಣ: ಯಾರ ಬೂದಿ?

ಇಳಿದ ಮೇಲೆ ಎರಡು ದಾರಿ, ಒಂದು ಹಸಿರು, ಒಂದು ಕೆಂಪು. ಕೆಂಪು ದಾರಿ ಕಳ್ಳಸಾಗಣೆದಾರರಿಗೆ ಎಂದುಕೊಂಡು ಹಸಿರಿನಲ್ಲಿ ರಾಜಗಾಂಭೀರ್ಯದಿಂದ ನಡೆದೆ. ಕಸ್ಟಮ್ಸ್‌ನ ಎತ್ತರದ ಹೆಂಗಸೊಬ್ಬಳು ನನ್ನನ್ನೇ ಆರಿಸಿ ಕರೆದು ಸೂಟ್‌ಕೇಸ್ ಬಿಚ್ಚಿಸಿದಳು. ಗಂಟಿನ ಮೇಲೆ ಅವಳ ಕಣ್ಣು ನಿಂತಿತು. ಬಿಚ್ಚಿ ಕೈ ಹಾಕಿದಳು. ಗವಸಿನ ಬೆರಳೆಲ್ಲ ಬೂದು ಬಣ್ಣವಾಯಿತು.

“ಈ ಪುಡಿ ಏನು?” ಎಂದಳು.

“ಬೂದಿ.”

ಅವಳ ಮುಖ ಗಂಭೀರವಾಯಿತು. ಪಕ್ಕದ ಮೇಜಿನ ಗಂಡಸನ್ನು ಕರೆದಳು. ಆತ ಬಂದು ತಗ್ಗಿದ ದನಿಯಲ್ಲಿ ಕೇಳಿದ: “ಯಾರ ಬೂದಿ?”

ಒಲೆ ಅತ್ತೆಯದಲ್ಲವೇ? ಹಾಗಾಗಿ “ನಮ್ಮ ಅತ್ತೆಯದು” ಎಂದೆ.

ಇಬ್ಬರೂ ಒಂದು ಕ್ಷಣ ಕೈ ಕಟ್ಟಿ ನಿಂತರು. ಆತ ಇನ್ನೂ ಮೆತ್ತಗೆ, ಅವರು ಯಾವಾಗ ಹೋದರು ಎಂದು ಕೇಳಿದ. ಮೊನ್ನೆ ಎಂದೆ. ಹೇಗೆ ಹೋದರು ಎಂದ. ಬಸ್ಸಿನಲ್ಲಿ ಎಂದೆ. ಆ ಹೆಂಗಸು ನನ್ನ ಭುಜ ಮುಟ್ಟಿ ಸಮಾಧಾನ ಹೇಳಲು ಬಂದ ಮೇಲೆಯೇ ನನಗೆ ಹೊಳೆದದ್ದು. ಇಲ್ಲ ಇಲ್ಲ, ಅತ್ತೆ ಬರಗೂರಿಗೆ ನಾಮಕರಣಕ್ಕೆ ಹೋಗಿದ್ದಾರೆ, ಇದು ಅಡುಗೆ ಒಲೆಯ ಬೂದಿ ಎಂದು ನನ್ನ ಇಂಗ್ಲಿಷಿನಲ್ಲಿ ವಿವರಿಸಲು ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಅವರ ಕನಿಕರ ಪೂರ್ತಿ ಆರಿಹೋಗಿತ್ತು.

“ಇವು ಮೊಳೆಯುತ್ತವೆಯೇ?” ಎಂದು ಆ ಹೆಂಗಸು ಕೇಳಿದಳು.

ಜೀವಶಾಸ್ತ್ರದ ಪ್ರಶ್ನೆ! ಬಂದ ಮೊದಲ ದಿನವೇ ನನ್ನ ವಿಷಯ ಕೇಳಿದರಲ್ಲ ಎಂಬ ಹುರುಪಿನಲ್ಲಿ, “ಖಂಡಿತ ಮೊಳೆಯುತ್ತವೆ, ಒಂದೂ ಹುಳುಕಿಲ್ಲ” ಎಂದೆ. ಮೊಳೆಯುವ ಕಾಳಾದರೆ ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ ಎಂದು ಅವಳು ಹೇಳಿದಳು. ಒಂದು ಮಚ್ಚೆ ಅಲಸಂದೆಯನ್ನು ಬೆಳಕಿಗೆ ಹಿಡಿದು ಎಷ್ಟು ಚಂದ ಇದೆ ಎಂದಳು. ಆಮೇಲೆ ಅದನ್ನೂ ಉಳಿದ ಕಾಳನ್ನೂ ಮುಚ್ಚಳವಿದ್ದ ಬುಟ್ಟಿಗೆ ಸುರಿದು, ಕೆಂಪು ಬಟ್ಟೆಯನ್ನು ಮಾತ್ರ ಮಡಿಸಿ ನನ್ನ ಕೈಗಿತ್ತಳು. ಸಾರು ಹೋಯಿತಲ್ಲ ಎಂದು ನನಗೆ ಬೇಜಾರಾಯಿತು.

ಹೈಕೆಯ ಮನೆ: ನಾಲ್ಕು ಬುಟ್ಟಿ

ನನಗೆ ಜಾಗ ಕೊಟ್ಟ ಮೇಡಂ ಹೆಸರು ಹೈಕೆ. ಐವತ್ತರ ಆಸುಪಾಸು, ಅಲ್ಲಿನ ಶಾಲೆಯಲ್ಲಿ ನನ್ನ ವಿಷಯವನ್ನೇ ಹೇಳುತ್ತಾಳೆ. ಕೆಳಗಿನ ಮನೆಯಲ್ಲಿ ಅವಳ ಅಪ್ಪ ಓಟ್ಟೊ, ಎಂಬತ್ತು ದಾಟಿದ ಮುದುಕ, ಅರಣ್ಯ ಇಲಾಖೆಯಲ್ಲಿ ಸಸಿ ನೆಡುವ ಕೆಲಸಗಾರರಾಗಿದ್ದವರು.

ಅವಳ ಅಡುಗೆಮನೆಯಲ್ಲಿ ಕಸಕ್ಕೆ ನಾಲ್ಕು ಬುಟ್ಟಿ. ಕಾಗದಕ್ಕೊಂದು, ಪ್ಲಾಸ್ಟಿಕ್ಕಿಗೊಂದು, ಸಿಪ್ಪೆಗೊಂದು, ಮಿಕ್ಕಿದ್ದಕ್ಕೊಂದು. ಟೀ ಪುಡಿಯ ಚೀಲವನ್ನು ನಾನು ಇಡಿಯಾಗಿ ಒಂದರೊಳಗೆ ಹಾಕಿದೆ. ಹೈಕೆ ಅದನ್ನು ಹೊರತೆಗೆದು, ದಾರ ಬೇರೆ, ಚೀಟಿ ಬೇರೆ, ಪುಡಿ ಬೇರೆ ಮಾಡಿ ಅದರದರ ಮನೆಗೆ ಸೇರಿಸಿದಳು. ನಮ್ಮೂರಲ್ಲಿ ಹೆಣ್ಣು ಕೊಡುವಾಗ ಕುಲಗೋತ್ರವನ್ನೂ ಇಷ್ಟು ನೋಡುವುದಿಲ್ಲ.

ರಸ್ತೆ ದಾಟುವುದೂ ಒಂದು ವ್ರತ. ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇಲ್ಲದ ರಸ್ತೆಯ ಅಂಚಿನಲ್ಲಿ ಹತ್ತು ಜನ ಕೆಂಪು ದೀಪ ನೋಡುತ್ತ ನಿಂತಿರುತ್ತಾರೆ. ಶಿರಾ ಬಸ್ ಸ್ಟ್ಯಾಂಡಿನಲ್ಲಿ ಹಿಂದಕ್ಕೆ ಬರುತ್ತಿರುವ ಬಸ್ಸಿನ ಬೆನ್ನಿಗೇ ಕೈ ಕೊಟ್ಟು “ಠೈರೋ ಭಾಯ್” ಎಂದು ನುಗ್ಗುವ ಜನರ ನಡುವೆ ಓಡಾಡಿದ ನಾನು ಅಲ್ಲಿ ಸುಮ್ಮನೆ ದಾಟಿದೆ. ಹಿಂದೆ ನಿಂತ ಮುದುಕಿಯೊಬ್ಬಳು ನನ್ನ ಇಡೀ ವಂಶಕ್ಕೆ ಕೇಳುವಂತೆ ಜರ್ಮನ್‌ನಲ್ಲಿ ಏನೋ ಅಂದಳು.

ಶಾಲೆ: ಬೇರೆಯವರ ಕಪ್ಪೆ

ಮೂರನೇ ದಿನ ನನ್ನ ಭಾಷಣ. ‘ನಮ್ಮೂರಿನ ಜೀವವೈವಿಧ್ಯ’ ಎಂದು ಹೆಸರಿಟ್ಟು ಚಿತ್ರಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಮಂಗಟ್ಟೆ ಹಕ್ಕಿ, ಹಾರುವ ಓತಿ, ಬೆರಳ ತುದಿಯಷ್ಟು ಕಪ್ಪೆ, ಮೋಡ ಕವಿದ ಕಾಡು. ಎಲ್ಲವನ್ನೂ ಫೋನಿನಲ್ಲಿ ಹುಡುಕಿ ಇಳಿಸಿಕೊಂಡದ್ದು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ನಾನು ಆ ಕಾಡನ್ನೆಲ್ಲ ನನ್ನ ಕೈಯಾರೆ ಬೆಳೆಸಿದವಳಂತೆ ನಿಂತಿದ್ದೆ.

ಭಾಷಣ ಕೇಳಲು ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಓಟ್ಟೊ ಕೈ ಎತ್ತಿದರು. ಅವರು ಜರ್ಮನ್‌ನಲ್ಲಿ ಹೇಳುತ್ತಾರೆ, ಹೈಕೆ ಇಂಗ್ಲಿಷಿಗೆ ತಿರುಗಿಸುತ್ತಾಳೆ, ನನ್ನ ತಲೆಯೊಳಗೆ ಅದು ಬಡವನಹಳ್ಳಿ ಮಾತಾಗಿ ಇಳಿಯುತ್ತದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

“ಈ ಕಪ್ಪೆ ನಿಮ್ಮೂರಲ್ಲಿ ಐತಾ ಕಣಮ್ಮ?”

“ಇಲ್ಲ. ಅದು ಪಶ್ಚಿಮ ಘಟ್ಟದ್ದು. ನಮ್ಮೂರಿಂದ ಒಂದು ದಿನದ ಪ್ರಯಾಣ.”

“ಮತ್ತೆ ನಿಮ್ಮೂರಲ್ಲಿ ಏನೈತೆ?”

“ಏನೂ ಇಲ್ಲ. ಬರೀ ಕುರುಚಲು, ರಾಗಿ ಹೊಲ” ಎಂದೆ. ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರ ಎಂಬ ಹುಲ್ಲೆ ಇದೆ, ಅದಕ್ಕಾಗಿ ಒಂದು ಅಭಯಾರಣ್ಯವೇ ಇದೆ. ಬಸ್ಸಿನಲ್ಲಿ ಹೋದರೆ ನಮಗೆ ಅದು ಹತ್ತಿರ. ಆ ಹೊತ್ತಿನಲ್ಲಿ ನನಗೆ ಅದರ ನೆನಪೇ ಬರಲಿಲ್ಲ. ಬಂದಿದ್ದರೂ, ಕಂದು ಬಣ್ಣದ ಕಂಟಿಯ ಮುಂದೆ ಕಂದು ಬಣ್ಣದ ಪ್ರಾಣಿಯ ಫೋಟೊ ಯಾರು ನೋಡುತ್ತಾರೆ ಎಂದು ಬಿಡುತ್ತಿದ್ದೆನೇನೋ.

ಓಟ್ಟೊ ತಲೆಯಾಡಿಸಿ, ನಾಳೆ ನಮ್ಮ ಬೆಟ್ಟ ತೋರಿಸ್ತೀನಿ ಎಂದರು.

ಬೆಟ್ಟ: ಸಾಲಾಗಿ ಸತ್ತದ್ದು

ಜರ್ಮನಿಯ ಕಾಡೆಂದರೆ ಕ್ಯಾಲೆಂಡರಿನಲ್ಲಿ ನೋಡಿದ ಕಡು ಹಸಿರು ನನ್ನ ತಲೆಯಲ್ಲಿತ್ತು. ತಿರುವಿನಲ್ಲಿ ಹೈಕೆ ಕಾರು ನಿಲ್ಲಿಸಿದಾಗ ಎದುರಿಗೆ ಕಂಡದ್ದು ಬೋಳು ಬೆಟ್ಟ. ಮೇಲಿಂದ ಕೆಳಗಿನವರೆಗೂ ಬೂದು ಬಣ್ಣದ ಕಂಬಗಳು, ಉರಿದು ಮುಗಿದ ಊದುಬತ್ತಿಯ ಕಡ್ಡಿಗಳನ್ನು ಸಾಲಾಗಿ ಚುಚ್ಚಿಟ್ಟ ಹಾಗೆ. ಒಂದು ಎಲೆ ಇಲ್ಲ, ಒಂದು ಹಕ್ಕಿಯ ದನಿ ಇಲ್ಲ. ಬೆಂಕಿ ಬಿದ್ದಿತ್ತಾ ಎಂದು ಕೇಳಿದೆ.

“ಬೆಂಕಿಯಲ್ಲ, ಹುಳ” ಎಂದರು ಓಟ್ಟೊ. ಬಿದ್ದಿದ್ದ ಮರದಿಂದ ಅಂಗೈಯಷ್ಟು ತೊಗಟೆ ಕಿತ್ತು ಒಳಮೈ ತೋರಿಸಿದರು. ನಡುವೆ ಒಂದು ಗೆರೆ, ಅದರ ಎರಡೂ ಬದಿಗೆ ಹತ್ತಾರು ಸಣ್ಣ ಗೆರೆಗಳು, ಚೊಕ್ಕವಾಗಿ ಎಳೆದ ರಂಗೋಲಿ. ಅಕ್ಕಿಕಾಳಿನಷ್ಟು ದೊಡ್ಡ ಜೀರುಂಡೆಯೊಂದು ತೊಗಟೆಯಡಿ ಮೊಟ್ಟೆಯಿಟ್ಟು, ಅದರ ಮರಿಗಳು ಕೊರೆದ ದಾರಿಗಳವು.

“ಇವೆಲ್ಲ ನಾನು ನೆಟ್ಟ ಮರ ಕಣಮ್ಮ. ಮೀಸೆ ಬರೋಕ್ಕೆ ಮುಂಚೆ ಕೆಲಸಕ್ಕೆ ಸೇರ್ದೆ. ದಾರ ಕಟ್ಟಿ ಸಾಲು ಮಾಡೋದು, ಸಾಲಿಗೆ ಸಸಿ ಇಕ್ಕೋದು. ಸ್ಪ್ರೂಸ್ ಅಂತ ಒಂದೇ ಜಾತಿ. ಬಿರ್‍ರನೆ ಬೆಳೀತದೆ, ನೆಟ್ಟಗೆ ಬೆಳೀತದೆ. ಸಾಹೇಬ್ರು ಬಂದು ನೋಡಿ, ಏನ್ ನೀಟಾಗಿ ಮಾಡಿದ್ಯಲ್ಲೋ ಅನ್ನೋರು. ಎರಡ್ಮೂರು ವರ್ಷ ಮಳೆ ಕೈ ಕೊಡ್ತು. ಬಾಯಾರಿದ ಮರದಲ್ಲಿ ಅಂಟು ಇರಲ್ಲ, ಹುಳನ ತಡಿಯೋಕ್ಕೆ ಆಗಲ್ಲ. ಹುಳ ಒಂದು ಮರ ತಿಂದು ತಲೆ ಎತ್ತಿದ್ರೆ ಪಕ್ಕದಾಗೂ ಅದೇ ಮರ, ಅದರ ಪಕ್ಕದಾಗೂ ಅದೇ ಮರ. ಹುಡುಕೋ ಕೆಲಸಾನೇ ಇಲ್ಲ.”

ಕಸದಲ್ಲಿ ನಾಲ್ಕು ಜಾತಿ ಕಾಪಾಡುವ ದೇಶ ಬೆಟ್ಟದ ಮೇಲೆ ಒಂದೇ ಜಾತಿ ನೆಟ್ಟು ಕುಳಿತಿತ್ತು. ನಗು ಬಂತು. ಆದರೆ ನಗುವಿನ ಹಿಂದೆಯೇ ‘ನೀಟು’ ಎಂಬ ಮಾತು ಬಂದು ಚುಚ್ಚಿತು. ಆ ಮಾತು ನಮ್ಮ ಮನೆಯಲ್ಲೂ ಓಡಾಡುತ್ತಿತ್ತು. ಅತ್ತೆಯ ಹೊಲದಲ್ಲಿ ರಾಗಿಯ ನಡುವೆ ಇದೊಂದು ಬಳ್ಳಿ, ಅದೊಂದು ಗಿಡ, ಮುಂಗಾರು ಮುಗಿಯುವಾಗ ಒಂದು ಕೊಯ್ಲು, ಸಂಕ್ರಾಂತಿಗೆ ಇನ್ನೊಂದು. ಅದನ್ನೆಲ್ಲ ತೆಗೆಸಿ ಇಡೀ ಹೊಲಕ್ಕೆ ನೀಟಾಗಿ ಮುಸುಕಿನ ಜೋಳ ಹಾಕೋಣ ಎಂದು ನಮ್ಮ ಯಜಮಾನರು ವರ್ಷವೂ ಹೇಳುತ್ತಾರೆ. ವಿಜ್ಞಾನದ ಕಡೆಯಿಂದ ನಾನು ಬೆಂಬಲ ಕೊಡುತ್ತೇನೆ. ಅತ್ತೆ ಮಾತ್ರ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ತಮ್ಮ ಬೀಜ ತಾವು ಬಿತ್ತುತ್ತಾರೆ.

ಭಾನುವಾರ: ಮೆಲ್ಲಗೆ ಹೇಳಿದ ಸುಳ್ಳು

ಆ ಊರಿನಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ. ಹುಲ್ಲು ಕತ್ತರಿಸುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ, ಬಾಟಲಿಯನ್ನು ಗಾಜಿನ ತೊಟ್ಟಿಗೆ ಹಾಕುವಂತೆಯೂ ಇಲ್ಲ. ಅಂಥ ದಿನ ನಾನು ಮಹಡಿಯ ಬಾಲ್ಕನಿಯಲ್ಲಿ ನಿಂತು ಊರಿಗೆ ಫೋನ್ ಮಾಡಿದೆ. ನಮ್ಮ ಅತ್ತೆಯ ದನಿಗೆ ಫೋನೇ ಬೇಕಿಲ್ಲ. ಪಕ್ಕದ ಮನೆಯ ಕಿಟಕಿ ಎರಡನೇ ಮಾತಿಗೇ ತೆರೆದುಕೊಂಡಿತು.

“ಲೇ ಭಾಗ್ಯ, ಅಟ್ಟದ ಮೇಲಿದ್ದ ಕೆಂಪು ಗಂಟು ನೋಡ್ದಾ?”

“ಯಾವ ಗಂಟು ಅತ್ತೆ?”

“ಅಕ್ಕಡಿ ಬೀಜ ಕಣಮ್ಮ! ಬೂದಿ ಹಾಕಿ ಮಡಗಿದ್ದೆ. ಬೇರೆ ಕಾಳು ಹೋದ್ರೆ ಹೋಗ್ಲಿ, ಎಲ್ಲಾದ್ರೂ ತರ್ತೀನಿ. ಆ ಮಚ್ಚೆ ಅಲಸಂದೆ ಎಲ್ಲಿ ತರ್ಲಿ? ನಮ್ಮವ್ವ ಮದ್ವೇಲಿ ಮಡಿಲಿಗೆ ಕಟ್ಟಿದ್ದು ಅದು. ಇಷ್ಟು ವರ್ಷ ಒಂದ್ಸಾರಿನೂ ತಪ್ಪಿಸ್ದಂಗೆ ಬಿತ್ತೀನಿ.”

ಮುಚ್ಚಳ ಮುಚ್ಚಿಕೊಂಡ ಆ ಬುಟ್ಟಿ ಕಣ್ಣ ಮುಂದೆ ಬಂತು. ಹೇಳಿಬಿಡಬೇಕಿತ್ತು. ಪಕ್ಕದ ಕಿಟಕಿಯ ಮನುಷ್ಯ ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡುತ್ತಿದ್ದ. ಜರ್ಮನಿಯ ಶಾಂತಿ ಕಾಪಾಡುವ ನೆಪ ಸಿಕ್ಕಿತು.

“ನಾನು ನೋಡಿಲ್ಲ ಅತ್ತೆ” ಎಂದೆ, ಮೆಲ್ಲಗೆ.

“ನೀನು ಹೋದ್ಮೇಲೆ ಒಳಕ್ಕೆ ಬಂದೋಳು ಪುಟ್ಟಿ ಒಬ್ಳೇ” ಎಂದರು ಅತ್ತೆ. ಪುಟ್ಟಕ್ಕ ನಮ್ಮ ಪಕ್ಕದ ಮನೆಯವರು. ಅತ್ತೆಗಿಂತ ನಾಲ್ಕೈದು ವರ್ಷ ಚಿಕ್ಕವರು, ನಲವತ್ತು ವರ್ಷಗಳಿಂದ ಗೆಳತಿ. “ಅವಳೇನಾದ್ರೂ…”

“ನನಗೇನು ಗೊತ್ತು ಅತ್ತೆ” ಎಂದು ಫೋನಿಟ್ಟೆ. ಪುಟ್ಟಕ್ಕ ಅಂಥವರಲ್ಲ ಎನ್ನುವ ಒಂದು ಮಾತನ್ನು ಹೇಳಲು ಯಾವ ದೇಶದ ಕಾನೂನೂ ಅಡ್ಡ ಇರಲಿಲ್ಲ.

ಸೋಮವಾರ ಸಂಜೆ ಯಜಮಾನರ ಸಂದೇಶ ಬಂತು: “ಅಮ್ಮ ಇವತ್ತು ಬೀದಿಯಲ್ಲಿ ನಿಂತು ಪುಟ್ಟಕ್ಕನಿಗೆ ಕಳ್ಳಿ ಅಂದಳು. ಊರೆಲ್ಲ ಸೇರಿತ್ತು. ಪುಟ್ಟಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.” ಕೆಳಗೆ, ಎಲ್ಲ ಆರಾಮವಾ, ಊಟ ಆಯ್ತಾ ಎಂದು ಕೇಳಿದ್ದರು.

ಕೊರಕಲು: ಸೋಮಾರಿ ಉಳಿಸಿದ್ದು

ಮಂಗಳವಾರ ಓಟ್ಟೊ ನನ್ನನ್ನೂ ಹೈಕೆಯನ್ನೂ ಮತ್ತೆ ಬೆಟ್ಟಕ್ಕೆ ಕರೆದುಕೊಂಡು ಹೋದರು. ಈ ಸಲ ಬೂದು ಕಂಬಗಳ ನಡುವೆ ಇಳಿದು ಒಂದು ಕೊರಕಲಿಗೆ. ಅಲ್ಲಿಗೆ ಬಂದ ಕೂಡಲೇ ಬೇರೆ ದೇಶ. ಬೀಚ್, ಮೇಪಲ್, ಓಕ್, ಹೆಸರು ಗೊತ್ತಿಲ್ಲದ ಪೊದೆಗಳು, ಅಲ್ಲೊಂದು ಇಲ್ಲೊಂದು ಸ್ಪ್ರೂಸ್ ಕೂಡ ಹಸಿರಾಗಿ ನಿಂತಿತ್ತು. ಮೇಲೆಲ್ಲೋ ಮರಕುಟಿಗ ಕುಟ್ಟುತ್ತಿತ್ತು. ಅಂಚಿನಲ್ಲಿ ಒಂದು ಬೋರ್ಡು, ನೋಡಲು ಬಂದ ಹತ್ತಾರು ಮಕ್ಕಳು.

“ಇದನ್ನ ಯಾರು ಕಾಪಾಡಿದ್ರು?” ಎಂದೆ, ಯಾರೋ ದೂರದೃಷ್ಟಿಯ ಮಹಾತ್ಮನ ಹೆಸರು ಬರುತ್ತದೆಂದು.

“ನನ್ನ ಸೋಮಾರಿತನ” ಎಂದರು ಓಟ್ಟೊ. “ಇದನ್ನೂ ಕಡಿದು ಸಾಲು ಹೊಡಿ ಅಂದಿದ್ರು. ಕಡಿದಾದ ಜಾಗ, ಕಾಲು ಜಾರ್ತಿತ್ತು. ಬಿಯರ್ ಬೇರೆ ತಂದಿದ್ದೆ. ನಾಳೆ ಮಾಡನ ಅಂತ ಬುಟ್ಟೆ. ಸಾಹೇಬ್ರು ಬಂದು ಬಾಯಿಗೆ ಬಂದಂಗೆ ಬೈದ್ರು. ಈಗ ನೋಡು, ಬೈಸ್ಕಂಡ ಜಾಗಕ್ಕೇ ಬೋರ್ಡು ಹಾಕವ್ರೆ.”

ಹುಳ ಇಲ್ಲಿಗೂ ಬಂದಿತ್ತು. ಒಂದು ಸ್ಪ್ರೂಸಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವೆ ಅದು ತಿನ್ನಲಾಗದ ಹತ್ತು ಮರ ದಾಟಬೇಕಿತ್ತು. ಅಷ್ಟರಲ್ಲಿ ಮರಕುಟಿಗ ಅದನ್ನೇ ತಿಂದುಹಾಕುತ್ತಿತ್ತು. ಒಂದರ ಬೇರು ಮೇಲಿನ ನೀರು ಕುಡಿದರೆ ಇನ್ನೊಂದರದು ಆಳದ್ದು. ಒಂದು ಸತ್ತು ಬಿದ್ದ ಕಡೆ ಬಿಸಿಲು ಬಿದ್ದು ಇನ್ನೊಂದು ಎದ್ದಿತ್ತು. ಹಾಗಾದರೆ ಎಷ್ಟು ಬಗೆ ನೆಟ್ಟರೆ ಸಾಕು ಎಂದು ಪುಸ್ತಕದಲ್ಲಿ ಬರೆದುಕೊಳ್ಳಲು ಪೆನ್ನು ತೆಗೆದೆ.

“ಲೆಕ್ಕದಾಗೆ ಏನಿಲ್ಲ ಕಣಮ್ಮ. ಒಂದೇ ಗುಣದವು ಹತ್ತು ಬಗೆ ನೆಟ್ಟರೆ ಹತ್ತೂ ಒಂದೇ ದಿನ ಸಾಯ್ತವೆ. ಒಂದಕ್ಕೆ ಆಗದೇ ಇದ್ದಿದ್ದು ಇನ್ನೊಂದಕ್ಕೆ ಆಗ್ಬೇಕು. ಯಾವುದು ಯಾತಕ್ಕೆ ಆಗ್ತದೆ ಅಂತ ಅದು ಇಲ್ಲದೇ ಹೋದ ಮೇಲೇ ಗೊತ್ತಾಗೋದು.”

ಪೆನ್ನು ಒಳಗಿಟ್ಟೆ. ಹದಿನೆಂಟು ವರ್ಷ ಈ ಪಾಠ ಮಾಡಿದ್ದ ನನಗೆ ಅತ್ತೆಯ ಗಂಟು ಏನೆಂದು ಆಗ ತಿಳಿಯಿತು. ಮಳೆ ಬೇಗ ನಿಂತರೆ ಹುರುಳಿ, ತಡವಾದರೆ ತೊಗರಿ, ರಾಗಿ ಒಣಗಿದರೆ ದನಕ್ಕಾದರೂ ಜೋಳ. ಒಂದು ಸೀರೆ ತುಂಡಿನಲ್ಲಿ ಇಡೀ ಕೊರಕಲನ್ನೇ ಕಟ್ಟಿಟ್ಟಿದ್ದರು, ನಾನು ಅದನ್ನು ಸಾರು ಎಂದುಕೊಂಡಿದ್ದೆ. ಅಲ್ಲಿಯೇ ಕುಳಿತು ಅತ್ತುಬಿಟ್ಟೆ. ಮುದುಕರಿಗೆ ಬುಟ್ಟಿಯ ಕಥೆ, ಸುಳ್ಳಿನ ಕಥೆ, ಪುಟ್ಟಕ್ಕನ ಕಥೆ ಎಲ್ಲ ಹೇಳಿದೆ.

ಓಟ್ಟೊ ಹೇಳಿದ್ದು ಒಂದೇ ಮಾತು. “ಇವತ್ತೇ ಫೋನ್ ಮಾಡು.”

ಊರಿಗೆ ಹೋಗಿ ಎದುರೆದುರೇ ಹೇಳುತ್ತೇನೆ, ಅದೇ ಮರ್ಯಾದೆ ಎಂದೆ. ಹೈಕೆ ಅದನ್ನು ಜರ್ಮನ್‌ಗೆ ತಿರುಗಿಸಿದಳು. ಆ ಭಾಷೆಯಲ್ಲಿಯೂ ಅದು ಹೇಡಿತನದ ಮಾತಿನಂತೆಯೇ ಕೇಳಿಸಿತು. ಮುಂದಿನ ಮೂರು ದಿನ ನಾನು ಎರಡು ವಸ್ತುಸಂಗ್ರಹಾಲಯ ನೋಡಿದೆ, ಒಂದು ಗಡಿಯಾರದ ಗೋಪುರ ಹತ್ತಿದೆ, ಚಾಕೊಲೇಟ್ ಕೊಂಡೆ.

ವಾಪಸು: ಎರಡು ಬಾಗಿಲು

ಭಾನುವಾರ ಮನೆ ತಲುಪಿದೆ. ಚಾಕೊಲೇಟ್ ಮೊದಲು ಕೊಡಲೋ ಸತ್ಯ ಮೊದಲು ಹೇಳಲೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಹೊಸ್ತಿಲು ದಾಟುವಾಗ ಅತ್ತೆ ಕಂಡರು, ಸತ್ಯ ಬಾಯಿಂದ ಬಿತ್ತು. ಕೆಂಪು ಬಟ್ಟೆ ಕೈಯಲ್ಲಿಟ್ಟೆ.

ಅತ್ತೆ ಬೈಯಲಿಲ್ಲ. ಬಟ್ಟೆಯನ್ನು ಒಮ್ಮೆ ಕೊಡವಿ ನೋಡಿದರು, ಒಂದು ಕಾಳೂ ಬೀಳಲಿಲ್ಲ.

“ಬೀಜ ಹೋಗ್ಲಿ ಬುಡು. ನನ್ ಬಾಯಲ್ಲಿ ಎಂಥಾ ಮಾತು ಆಡ್ಸಿದ್ಯಲ್ಲೇ” ಎಂದವರೇ ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಹೋದರು. ನಾನೂ ಹಿಂದೆ ಹೋದೆ. ಅತ್ತೆ ಬಾಗಿಲು ಬಡಿದು ತಪ್ಪಾಯ್ತು ಪುಟ್ಟಿ ಎಂದರು. ನಾನೂ ನನ್ನ ತಪ್ಪು ಎಂದು ಕೂಗಿ ಹೇಳಿದೆ. ಒಳಗೆ ಬಳೆ ಸದ್ದು ಕೇಳಿಸಿತು, ಅಷ್ಟೇ. ಬಾಗಿಲು ತೆರೆಯಲಿಲ್ಲ. ಮಾರನೆಯ ದಿನವೂ, ಆಮೇಲಿನ ವಾರವೂ ತೆರೆಯಲಿಲ್ಲ.

ಬರಗೂರು, ಬುಕ್ಕಾಪಟ್ಟಣ, ಪಾವಗಡ: ಬೀಜದ ಭಿಕ್ಷೆ

ಬಿತ್ತನೆಗೆ ಇನ್ನೂ ಒಂದು ತಿಂಗಳಿತ್ತು. ಅತ್ತೆ ತಾವು ವರ್ಷ ವರ್ಷ ಯಾರ್‍ಯಾರಿಗೆ ಬೀಜ ಹಂಚಿದ್ದರೋ ಅವರ ಹೆಸರು ಹೇಳಿದರು. ನಾನು ಚೀಲ ಹಿಡಿದು ಹೊರಟೆ. ವಿದೇಶ ಪ್ರವಾಸ ಮುಗಿಸಿದವಳ ಸ್ವದೇಶ ಪ್ರವಾಸ, ಬಸ್ಸಿನಲ್ಲಿ, ನಿಂತುಕೊಂಡು.

ಬರಗೂರಿನಲ್ಲಿ ಅವರೆ, ತೊಗರಿ ಸಿಕ್ಕಿತು. ಶಿರಾದಲ್ಲಿ ಬಸ್ಸು ಬದಲಿಸಿ ಬುಕ್ಕಾಪಟ್ಟಣಕ್ಕೆ ಹೋದೆ. ಅಲ್ಲಿನ ಕುರಿ ಮೇಯಿಸುವ ಅಜ್ಜ ಹುರುಳಿ, ಹೆಸರು, ಹುಚ್ಚೆಳ್ಳು ಕೊಟ್ಟು, “ಮೇಡಮ್ಮಾರೆ, ಇದನ್ನಾದ್ರೂ ಬೇಯಿಸ್ಬೇಡಿ” ಎಂದ. ಸುದ್ದಿ ನನಗಿಂತ ಮುಂಚಿನ ಬಸ್ಸಿನಲ್ಲಿ ಬಂದಿತ್ತು. ಕಂಟಿಗಳ ನಡುವೆ ಚಿಂಕಾರ ಕಂಡು ಧನ್ಯಳಾದೆ ಎಂದು ಬರೆಯಲು ಇದು ಸರಿಯಾದ ಜಾಗ. ಕಾಣಲಿಲ್ಲ.

ಪಾವಗಡದ ಕಡೆ ಅತ್ತೆಯ ತಂಗಿ ಇದ್ದಾರೆ. ಜೋಳ ಕೊಟ್ಟರು. ಮಚ್ಚೆ ಅಲಸಂದೆ ಎಂದೊಡನೆ ಕೈ ಚೆಲ್ಲಿದರು. “ಅಯ್ಯೋ, ಅದು ಅಕ್ಕಯ್ಯ ದಗ್ಗರ ಉಂದಿ ಗದಾ ಅಂತ ನಾವು ಬುಟ್ಬುಟ್ವಿ ಕಣಮ್ಮ!” ಬರಗೂರಿನವರೂ ಇದನ್ನೇ ಕನ್ನಡದಲ್ಲಿ ಹೇಳಿದ್ದರು. ಅಕ್ಕನ ಹತ್ತಿರ ಹೇಗೂ ಇದೆಯಲ್ಲ ಎಂಬ ಧೈರ್ಯದಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಅದನ್ನು ಬಿಟ್ಟಿದ್ದರು. ಏಳು ಬೀಜದಲ್ಲಿ ಆರು ಬಂದವು. ಏಳನೆಯದು ಯಾವ ಮನೆಯಲ್ಲೂ ಇರಲಿಲ್ಲ. ಪುಟ್ಟಕ್ಕನ ಮನೆಯೊಂದನ್ನು ಮಾತ್ರ ಕೇಳುವ ಮುಖ ನಮಗಿರಲಿಲ್ಲ.

ಹೊಲ: ಇಬ್ಬನಿ ಬೀಳುವ ದಿನಗಳು

ಆರು ಕಾಳಿನ ಅಕ್ಕಡಿ ಬಿತ್ತಿದೆವು. ಮುಸುಕಿನ ಜೋಳದ ಮಾತನ್ನು ಯಜಮಾನರು ಈ ವರ್ಷ ಎತ್ತಲಿಲ್ಲ, ನನ್ನ ಮುಖ ನೋಡಿ. ರಾಗಿ ಚೆನ್ನಾಗಿಯೇ ಬಂತು. ಆರು ಇದ್ದರೆ ಏನು ಕೊರತೆ, ಏಳನೆಯದು ಇಲ್ಲದಿದ್ದರೇನು ಎಂದು ನನ್ನ ಮನಸ್ಸು ಮೆಲ್ಲಗೆ ವಕಾಲತ್ತು ಶುರುಮಾಡಿತ್ತು. ಅವರೆ ಹೂವಿಗೆ ಬರುವ ಹೊತ್ತಿಗೆ ಕುಡಿಯೆಲ್ಲ ಕಪ್ಪಾಯಿತು. ಹತ್ತಿರ ಹೋಗಿ ನೋಡಿದರೆ ಸಂದಿಲ್ಲದಂತೆ ಕರಿ ಹೇನು.

“ಅಲಸಂದೆ ಇದ್ದಿದ್ರೆ ಮೊದ್ಲು ಅದಕ್ಕೆ ಬೀಳೋವು” ಎಂದರು ಅತ್ತೆ. “ಅದು ಬೇಗ ಚಿಗುರ್ತದೆ ನೋಡು. ಅದಕ್ಕೆ ಹೇನು ಬಿದ್ರೆ ತಿನ್ನೋಕ್ಕೆ ಗುಲಗಂಜಿ ಹುಳ ಬಂದು ಸಂಸಾರ ಹೂಡ್ತವೆ. ಅವರೆ ಹೂವಾಗೋ ಹೊತ್ತಿಗೆ ಅವು ಹೊಲದ ತುಂಬ ಇರೋವು. ಈ ವರ್ಷ ಅವಕ್ಕೆ ಬಾಣಂತನ ಮಾಡೋರೇ ಇರ್ನಿಲ್ಲ.”

ಇದನ್ನು ಅವರು ನನ್ನನ್ನು ಚುಚ್ಚಲು ಹೇಳಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಗಿಡಕ್ಕೆ ಬೂದಿ ಎರಚಬೇಕೆಂದರು. ಇಬ್ಬರೂ ಒಂದೊಂದು ಬುಟ್ಟಿ ಹಿಡಿದು ಸಾಲಿಗೆ ಇಳಿದೆವು. ಅರ್ಧ ಸಾಲು ಮುಗಿಸುವಷ್ಟರಲ್ಲಿ ಆ ಕಡೆಯ ಬದುವಿನಿಂದ ಇನ್ನೊಬ್ಬರು ಎರಚುತ್ತ ಬರುತ್ತಿರುವುದು ಕಂಡಿತು. ಪುಟ್ಟಕ್ಕ. ಸೊಂಟದ ಮೇಲೆ ಬುಟ್ಟಿ. ಆರು ತಿಂಗಳ ಮೇಲೆ ಮೊದಲ ಸಲ ನಮ್ಮ ಹೊಲಕ್ಕೆ ಕಾಲಿಟ್ಟಿದ್ದರು. ಸಾಲಿನ ನಡುವೆ ಮೂವರೂ ಎದುರಾದೆವು.

“ಮಚ್ಚೆ ಅಲಸಂದೆ ನಮ್ಮನೇಲಿ ಇತ್ತಕ್ಕ” ಎಂದರು ಪುಟ್ಟಕ್ಕ, ಗಿಡ ನೋಡುತ್ತ. “ಹೋದ್ ವರ್ಷ ನೀನೇ ಪಾವು ಕೊಟ್ಟಿದ್ಯಲ್ಲ, ಮಡಿಕೇಲಿ ಬೂದಿ ಹಾಕಿ ಮಡಗಿದ್ದೆ. ನೀನು ಬೀದೀಲಿ ಅಂಗೆ ಅಂದ್ಮೇಲೂ ನಾಕು ದಿನ ಮಡಗ್ಕಂಡಿದ್ದೆ. ಪುಟ್ಟಿ ಅಂಥೋಳಲ್ಲ ಅಂತ ಯಾರಾದ್ರೂ ಒಂದು ಮಾತು ಅಂತಾರೇನೋ ಅಂತ. ಯಾರೂ ಅನ್ನಲಿಲ್ಲ. ಐದನೇ ದಿನ ಬೇಯಿಸ್ಬುಟ್ಟೆ.”

ಐದನೇ ದಿನ ಶನಿವಾರ. ನಾನು ಆಗ ವಿಮಾನದಲ್ಲಿದ್ದೆ. ಅದಕ್ಕೆ ಹಿಂದಿನ ನಾಲ್ಕೂ ದಿನ ಫೋನು ನನ್ನ ಜೇಬಿನಲ್ಲಿತ್ತು.

ಅತ್ತೆ ಎರಚುವುದನ್ನು ನಿಲ್ಲಿಸಿದರು. “ಹೆಂಗಿತ್ತೇ ಸಾರು?”

“ಉಪ್ಪು ಜಾಸ್ತಿ ಆಗಿತ್ತು ಕಣಕ್ಕ. ಒಲೆ ಮುಂದೆ ಕೂತು ಅತ್ಕಂಡೇ ಮಾಡಿದ್ದು.”

ಪುಟ್ಟಕ್ಕನ ಬುಟ್ಟಿ ಬರಿದಾಗಿತ್ತು. ಅತ್ತೆ ತಮ್ಮ ಬುಟ್ಟಿಯ ಬೂದಿಯಲ್ಲಿ ಅರ್ಧ ಅದಕ್ಕೆ ಸುರಿದರು. ಇಬ್ಬರೂ ಒಂದೇ ಸಾಲು ಹಿಡಿದು ಮುಂದೆ ಹೋದರು. ನನಗೆ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.